ಬಟ್ಟೆಗೆ ಬಂದ ಬಂಗಾರ

ಮೇಡಂ, ನಮ್ಮದು ಚಾಮರಾಜನಗರದ ಪಕ್ಕದ ಹರದನಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಿಂಗಳಿಗೊಂದು ಸಲ ಊರಿಗೆ ಬರುತ್ತೇನೆ. ನಾನು ಒಂಬತ್ತು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ಅವ್ವ ಹೊಲಿಗೆ ಹೊಲಿದೇ ನನ್ನನ್ನೂ ಅಣ್ಣನನ್ನೂ ಸಾಕಿದಳು. ಜೂನ್ ಬಂತೆಂದರೆ ಸ್ಕೂಲ್ ಯೂನಿಫಾರಂ, ಮದುವೆ ಕಾಲದಲ್ಲಿ ರವಿಕೆ, ಉಳಿದ ದಿನ ಹರಿದ ಲುಂಗಿ, ದಿಂಬಿನ ಚೀಲ. ಮಿಷನ್ ಅವ್ವನ ತವರಿನದು. ಕಪ್ಪು ಸಿಂಗರ್, ಕಾಲಲ್ಲಿ ತುಳಿಯುವಂಥದ್ದು. ತಾತ ಅದನ್ನು ಯಾರಿಂದಲೋ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರಂತೆ. ಮೈಮೇಲಿನ ಸಂಖ್ಯೆ ವೈ ಅಕ್ಷರದಿಂದ ಶುರುವಾಗುತ್ತದೆ. ಒಳಗಿನ ಶಟಲ್ ಬಂದೂಕಿನ ಗುಂಡಿನ ಹಾಗೆ ಉದ್ದಕ್ಕಿದೆ.

ಮಿಷನ್ನಿನ ಮೇಲಿದ್ದ ಬಂಗಾರದ ಚಿತ್ರಗಳೆಲ್ಲ ಸವೆದುಹೋಗಿದ್ದವು. ಬಟ್ಟೆ ಓಡುವ ಹಾಸಿನ ಬಲಗಡೆ, ತೋಳನ್ನು ಹೊತ್ತ ಕಂಬದ ಬುಡದಲ್ಲಿ ಮಾತ್ರ ಒಂದು ಚಿತ್ರ ಮುಕ್ಕಾಲು ಪಾಲು ಉಳಿದಿತ್ತು. ಹೆಣ್ಣಿನ ಮುಖ, ಸಿಂಹದ ಮೈ, ರೆಕ್ಕೆ. ಅವ್ವನಿಗೆ ಅದು ಚಾಮುಂಡವ್ವ. ಆಯುಧಪೂಜೆಗೆ ಕುಂಕುಮ ಇಡುತ್ತಿದ್ದುದು ಅಲ್ಲಿಗೇ. ದಿನಾ ಹೊಲಿಯಲು ಕೂರುವ ಮೊದಲು ಅಲ್ಲೊಂದು ಬೆರಳಿಟ್ಟು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಅವ್ವನಿಗೆ ಗೊತ್ತಿಲ್ಲದ ಹಾಗೆ ಅದನ್ನು ಹೊಸದರಂತೆ ಮಾಡಿಕೊಡೋಣ ಅಂತ ಅಂಟಿಸುವ ಚಿತ್ರಗಳ ಡಿಕಾಲ್ ಶೀಟ್ ತರಿಸಿದೆ. ಹೋದ ತಿಂಗಳು ಅವಳು ಗುಂಡ್ಲುಪೇಟೆಗೆ ಮದುವೆಗೆ ಹೋಗಿದ್ದಾಗ ಥಿನ್ನರ್ ಹಾಕಿ ಒರೆಸಿದೆ. ಎರಡೇ ಸಲ ಒರೆಸಿದ್ದು. ಇದ್ದ ಬಂಗಾರವೆಲ್ಲ ಬಟ್ಟೆಗೆ ಬಂದುಬಿಟ್ಟಿತು, ಕಪ್ಪು ಬಣ್ಣ ಬೂದಿ ಬಳಿದ ಹಾಗಾಯಿತು. ಸಂಜೆ ಬಂದ ಅವ್ವ ನೋಡಿ “ಉಜ್ಜುಬುಟ್ಯಾ ಮಗಾ” ಅಂದಳು, ಅಷ್ಟೇ. ಗಾಬರಿಯಲ್ಲಿ ನಾನು, “ಅದು ಚಾಮುಂಡಿ ಅಲ್ಲವ್ವ, ಈಜಿಪ್ಟಿನ ಸ್ಫಿಂಕ್ಸು, ಹೊಸದು ತರಿಸಿವ್ನಿ” ಅಂದೆ. ಅವತ್ತಿನಿಂದ ಮಿಷನ್ ಮೇಲೆ ಹಳೇ ಸೀರೆ ಹೊದಿಸಿದ್ದಾಳೆ. ಹೊಲಿಯುತ್ತಿಲ್ಲ. ಅಣ್ಣ ಬೇರೆ, ಹಳೇ ಸಿಂಗರ್‌ಗೆ ಲಕ್ಷ ಕೊಡುತ್ತಾರಂತೆ, ಮಾರಿ ಅವ್ವನಿಗೆ ಮೋಟಾರ್ ಮಿಷನ್ ತರೋಣ ಅನ್ನುತ್ತಿದ್ದಾನೆ. ಹೊಸ ಚಿತ್ರ ಅಂಟಿಸಲೋ, ಬೇಡವೋ? ಏನು ಮಾಡಲಿ?

— ಹೆಸರು ಬೇಡ, ಹರದನಹಳ್ಳಿ


ಅಂಟಿಸಬಹುದು. ಆದರೆ ಈಗಲೇ ಬೇಡ, ನೀವೊಬ್ಬರೇ ಕೂತು ಅಂಟಿಸುವುದಂತೂ ಬೇಡವೇ ಬೇಡ. ಆ ಶೀಟನ್ನು ಮಡಿಸದೆ ಒಂದು ದಪ್ಪ ಪುಸ್ತಕದೊಳಗೆ ಇಟ್ಟುಬಿಡಿ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆ ಇದೆ.

ಥಿನ್ನರ್ ಹಾಕಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳುವುದನ್ನು ಇವತ್ತಿಗೆ ನಿಲ್ಲಿಸಿ. ಅದು ತಿಳಿಯದೆ ಆದದ್ದು. ಹಳೇ ಮಿಷನ್ ಕೈಗೆತ್ತಿಕೊಂಡ ಹೆಚ್ಚಿನವರು ಮೊದಲ ಸಲ ಇದೇ ತಪ್ಪು ಮಾಡುತ್ತಾರೆ. ನನ್ನ ಸೋದರಮಾವ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದರು. ರಜೆಯಲ್ಲಿ ಅವರ ಅಂಗಡಿಯಲ್ಲಿ ಕೂರುತ್ತಿದ್ದ ನಾನು, ಹದಿನೈದರ ವಯಸ್ಸಿನಲ್ಲಿ, ಗಿರಾಕಿಯೊಬ್ಬರ ಮಿಷನ್ನನ್ನು ಫಳಫಳ ಮಾಡಿಕೊಡುವ ಉಮೇದಿನಲ್ಲಿ ಸ್ಪಿರಿಟ್ ಸವರಿ ಅದರ ತೋಳಿನ ಮೇಲಿದ್ದ ಹೆಸರನ್ನೇ ಅಳಿಸಿಬಿಟ್ಟಿದ್ದೆ. ಹಳದಿಯಾದ ಆ ಬಟ್ಟೆಯ ತುಂಡು ಈಗಲೂ ಕಣ್ಣ ಮುಂದಿದೆ. ಹಾಗಾಗಿ ನಿಮ್ಮ ಕಾಗದದಲ್ಲಿ “ಬಂಗಾರವೆಲ್ಲ ಬಟ್ಟೆಗೆ ಬಂತು” ಎಂಬ ಮಾತು ಓದಿದಾಗ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಯಾಕೆ ಹಾಗಾಯಿತೆಂದು ತಿಳಿದರೆ ಮುಂದಿನದು ಸುಲಭ. ಆ ಮಿಷನ್ನಿನ ಮೈ ಎರಕದ ಕಬ್ಬಿಣದ್ದು. ಅದರ ಮೇಲೆ ಡಾಂಬರಿನ ಜಾತಿಯ ಕಪ್ಪು ಲೇಪವನ್ನು ಬಳಿದು ಒಲೆಯಲ್ಲಿ ಸುಟ್ಟು ಗಟ್ಟಿ ಮಾಡುತ್ತಿದ್ದರು. ಅದಕ್ಕೆ ಜಪಾನಿಂಗ್ ಎನ್ನುತ್ತಾರೆ. ಆ ಕಪ್ಪಿನ ಮೇಲೆ ಕೂದಲಿಗಿಂತ ತೆಳುವಾದ ಬಂಗಾರದ ಬಣ್ಣದ ಚಿತ್ರ. ಎಲ್ಲಕ್ಕಿಂತ ಮೇಲೆ ಅರಗಿನಂಥ ತಿಳಿ ಮೆರುಗೆಣ್ಣೆಯ ಒಂದು ಪೊರೆ. ಚಿತ್ರವನ್ನು ಹಿಡಿದುಕೊಂಡಿದ್ದದ್ದು ಆ ಪೊರೆಯೇ. ಥಿನ್ನರ್, ಸ್ಪಿರಿಟ್, ಗಾಜು ಒರೆಸುವ ಅಮೋನಿಯದ ದ್ರಾವಣ, ಇವು ಮುಟ್ಟಿದ ಗಳಿಗೆಯಲ್ಲಿ ಪೊರೆ ಕರಗುತ್ತದೆ, ಅದರ ಜೊತೆ ಚಿತ್ರವೂ ಬರುತ್ತದೆ. ಕಪ್ಪು ಬೂದಿಯಾಗಿ ಕಾಣುತ್ತಿರುವುದೂ ಇದರಿಂದಲೇ: ಕಪ್ಪು ಅಲ್ಲೇ ಇದೆ, ಅದರ ಮೇಲಿನ ಹೊಳಪು ಹೋಗಿದೆ. ಕೆಲವು ಮಿಷನ್ನುಗಳಲ್ಲಿ ಬಂಗಾರ ಬೆಳ್ಳಿಯ ಹಾಗೆ ಬಿಳಿಚಿಕೊಂಡಿರುವುದನ್ನು ನೋಡಿರಬಹುದು. ಅಲ್ಲಿ ಮೇಲಿನ ಪೊರೆ ಸವೆದುಹೋಗಿ ಚಿತ್ರ ಬತ್ತಲೆಯಾಗಿದೆ ಎಂದು ಅರ್ಥ.

ಇನ್ನೊಂದು ವಿಷಯ. ಹಾಸಿನ ಎಡಗಡೆ, ಸೂಜಿಯ ಸುತ್ತಮುತ್ತ, ಚಿತ್ರ ಸವೆದದ್ದು ಬಟ್ಟೆ ಹರಿದಾಡಿ. ಇಷ್ಟು ವರ್ಷಗಳ ಯೂನಿಫಾರಂ ಬಟ್ಟೆ ಆ ಕಬ್ಬಿಣವನ್ನು ಉಜ್ಜಿಕೊಂಡು ಹೋಗಿದೆ. ಕಂಬದ ಬುಡದ ಚಿತ್ರ ಉಳಿದದ್ದು ಬಟ್ಟೆ ಅಲ್ಲಿಗೆ ತಾಕದಿದ್ದುದರಿಂದ. ಹಾಗಿದ್ದೂ ಅದು ಮುಕ್ಕಾಲು ಪಾಲು ಮಾತ್ರ ಉಳಿದಿತ್ತು ಅಂದಿರಿ. ಹೋದ ಕಾಲು ಪಾಲು, ನನ್ನ ಅಂದಾಜಿನಲ್ಲಿ, ಅವ್ವನ ಬೆರಳು ಮತ್ತು ಕುಂಕುಮ ತಾಕಿದ ಜಾಗ. ಸಂಪ್ರದಾಯದ ಕುಂಕುಮ ಎಂದರೆ ಅರಿಶಿನಕ್ಕೆ ಸುಣ್ಣ ಸೇರಿ ಕೆಂಪಾದದ್ದು. ನೀರಿನಲ್ಲಿ ಕಲಸಿ ಇಟ್ಟರೆ ಅದರ ಕ್ಷಾರ ಅರಗಿನ ಪೊರೆಯನ್ನು ನಿಧಾನವಾಗಿ ಮೆದುವಾಗಿಸುತ್ತದೆ. ಮೂರು ಬೆರಳಿನಲ್ಲಿ ವಿಭೂತಿಯನ್ನೂ ಎಳೆಯುತ್ತಿದ್ದರೆ ಅದು ನಯವಾದ ಉಪ್ಪುಕಾಗದದ ಕೆಲಸ ಮಾಡುತ್ತದೆ. ಅಂದರೆ ನಿಮ್ಮ ಥಿನ್ನರಿಗಿಂತ ಮುಂಚೆ, ವರ್ಷಕ್ಕಿಷ್ಟು ಎಂದು, ಅವ್ವನೇ ಆ ಚಿತ್ರವನ್ನು ಸವೆಸುತ್ತಿದ್ದರು. ಆ ಸವೆತ ಅವರಿಗೆ ಕಂಡಿರಲಿಲ್ಲವೆಂದಲ್ಲ. ಅದು ಅವರ ಕೈಯಿಂದ ಆಗುತ್ತಿತ್ತು, ಅವರು ಕಣ್ಣಿಗೊತ್ತಿಕೊಳ್ಳುವಾಗ ಆಗುತ್ತಿತ್ತು.

ಈಗ ನೇರವಾಗಿ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವ್ವನಿಗೆ ನೋವಾದದ್ದು ಥಿನ್ನರಿನಿಂದ ಅರ್ಧ, ನಿಮ್ಮ ಮಾತಿನಿಂದ ಅರ್ಧ. ನೀವು ಹೇಳಿದ್ದು ನಿಜವೇ. ರೆಕ್ಕೆಯ ಆ ಹೆಣ್ಣುಸಿಂಹ ಈಜಿಪ್ಟಿನ ಸ್ಫಿಂಕ್ಸ್; ಹಳೇ ಮಿಷನ್ ಸಂಗ್ರಹಿಸುವವರು ಆ ಅಲಂಕಾರವನ್ನು ಸ್ಫಿಂಕ್ಸ್ ಅಂತಲೋ ಮೆಂಫಿಸ್ ಅಂತಲೋ ಕರೆಯುತ್ತಾರೆ. ಆದರೆ ಗಂಡ ಸತ್ತ ಮನೆಯಲ್ಲಿ ಇಬ್ಬರು ಮಕ್ಕಳನ್ನು ಮಲಗಿಸಿ ರಾತ್ರಿ ದೀಪದಲ್ಲಿ ಹೊಲಿಯುತ್ತಿದ್ದ ಹೆಂಗಸಿನ ಪಕ್ಕ ಅಷ್ಟು ವರ್ಷ ಕೂತಿದ್ದು ಚಾಮುಂಡವ್ವನೇ. ನೀವು ಒಂದೇ ಸಂಜೆಯಲ್ಲಿ ಅವರಿಂದ ಅವಳನ್ನು ಎರಡು ಸಲ ಕಿತ್ತುಕೊಂಡಿರಿ. ಮೊದಲು ಬಟ್ಟೆಯಲ್ಲಿ ಒರೆಸಿದಿರಿ, ಆಮೇಲೆ ಅವಳು ಯಾವತ್ತೂ ಅಲ್ಲಿರಲೇ ಇಲ್ಲ ಅಂದಿರಿ. ಎರಡನೆಯದಕ್ಕೆ ಡಿಕಾಲ್ ಸಿಗುವುದಿಲ್ಲ.

ಆದ್ದರಿಂದ ಮುಂದಿನ ಸಲ ಊರಿಗೆ ಹೋದಾಗ ಮಿಷನ್ನಿನ ಮಾತಿಗೆ ಮುಂಚೆ ಈ ಮಾತು ಆಡಿ. “ಅವ್ವ, ನಿನ್ನ ಕೇಳ್ದೆ ಮುಟ್ಬಾರ್ದಾಗಿತ್ತು. ಚಾಮುಂಡವ್ವ ಅಲ್ಲ ಅಂತನೂ ಅನ್ಬಾರ್ದಾಗಿತ್ತು.” ಇಷ್ಟೇ. ಹಿಂದೆ “ಆದ್ರೆ” ಸೇರಿಸಬೇಡಿ, ನಿನಗೋಸ್ಕರ ಮಾಡಿದೆ ಎನ್ನಬೇಡಿ. ಅದು ಅವರಿಗೆ ಗೊತ್ತು. ಅವರು ಏನೂ ಹೇಳದೆ ಎದ್ದು ಒಲೆಯ ಹತ್ತಿರ ಹೋದರೂ ಹೋಗಬಹುದು. ಹೋಗಲಿ. ಅವತ್ತು ಅಷ್ಟಕ್ಕೆ ಬಿಡಿ.

ಮಾರನೆಯ ದಿನವೋ, ಮುಂದಿನ ತಿಂಗಳೋ, ಒಂದು ಬಿಳಿ ಹಾಳೆ ಮತ್ತು ಪೆನ್ಸಿಲ್ ಇಟ್ಟುಕೊಂಡು ಮಿಷನ್ ಹತ್ತಿರ ಕೂರಿ. ಸೀರೆಯನ್ನು ನೀವು ತೆಗೆಯಬೇಡಿ, ತೆಗೆಯುತ್ತೀಯಾ ಎಂದು ಕೇಳಿ. ಚಿತ್ರ ಎಲ್ಲಿತ್ತು, ಮುಖ ಯಾವ ಕಡೆಗಿತ್ತು, ರೆಕ್ಕೆ ಎಲ್ಲಿಯವರೆಗೆ ಬರುತ್ತಿತ್ತು ಎಂದು ಅವರ ಬಾಯಲ್ಲಿ ಕೇಳಿ ಗುರುತು ಹಾಕಿಕೊಳ್ಳಿ. ಇದು ಅವರನ್ನು ಸಮಾಧಾನ ಮಾಡುವ ಉಪಾಯವೆಂದು ತಿಳಿಯಬೇಡಿ. ಈ ಕೆಲಸಕ್ಕೆ ನಿಜವಾಗಿ ಬೇಕಾದ ಮಾಹಿತಿ. ನೀವು ಒರೆಸುವ ಮೊದಲು ಫೋಟೊ ತೆಗೆದಿರೋ ಇಲ್ಲವೋ ಬರೆದಿಲ್ಲ. ತೆಗೆದಿಲ್ಲವಾದರೆ ಆ ಹಾಸಿನ ನಕ್ಷೆ ಈಗ ಇರುವುದು ಅವರ ಕಣ್ಣಲ್ಲಿ ಮಾತ್ರ. ಸಂಜೆಯ ಬಿಸಿಲನ್ನು ಓರೆಯಾಗಿ ಬೀಳಿಸಿ ನೋಡಿ, ಅಥವಾ ಟಾರ್ಚನ್ನು ಹಾಸಿನ ಮಟ್ಟಕ್ಕೆ ಹಿಡಿದು ನೋಡಿ. ಬಣ್ಣ ಹೋಗಿದ್ದರೂ ಚಿತ್ರದ ಅಂಚು ಕಪ್ಪಿನ ಮೇಲೆ ನೆರಳಿನ ಹಾಗೆ ಉಳಿದಿರುವುದುಂಟು. ಸಿಕ್ಕರೆ ಅದರ ಮೇಲೆ ಬೆಣ್ಣೆಕಾಗದ ಇಟ್ಟು ಎಳೆದುಕೊಳ್ಳಿ, ಪಕ್ಕದಲ್ಲಿ ಅಳತೆ ಬರೆಯಿರಿ.

ಆ ಮೇಲೆ ಅವರನ್ನೇ ಕೇಳಿ: ಹೊಸ ಚಿತ್ರ ಬೇಕಾ?

ಬೇಡ ಅಂದರೆ ಬೇಡ. ಬೂದಿಯಾದ ಜಾಗಕ್ಕೆ ಹೊಳಪು ಕೊಟ್ಟು ಮಿಷನ್ ಓಡುವ ಹಾಗೆ ಮಾಡಿ ನಿಲ್ಲಿಸಿ. ಸ್ಫಿಂಕ್ಸ್ ಬೇಡ, ಬೆಟ್ಟದ ಚಾಮುಂಡೇಶ್ವರಿಯ ಪಟವನ್ನೇ ಅಂಟಿಸು ಅಂದರೂ ಅಂದಾರು. ಸಂಗ್ರಹಕಾರರು ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಾರೆ, ಆದರೆ ಮಿಷನ್ ಅವರದಲ್ಲವಲ್ಲ. ಮರದ ಮೇಜಿನ ಮೂಲೆಯಲ್ಲೋ ಡ್ರಾಯರಿನ ಮುಖದ ಮೇಲೋ ಒಂದು ಪುಟ್ಟ ಪಟಕ್ಕೆ ಬೇಕಾದಷ್ಟು ಜಾಗವಿದೆ.

ಬೇಕು ಅಂದರೆ ಮಾತ್ರ ಮುಂದಿನದು. ಹಾಗನ್ನುತ್ತಾರೆಂದು ನನ್ನ ಮನಸ್ಸು ಹೇಳುತ್ತದೆ. ನಿಮ್ಮೂರ ಕಡೆಯವರಿಗೆ ಚಾಮರಾಜೇಶ್ವರನ ತೇರಿನ ಕಥೆ ನಾನು ಹೇಳಬೇಕಿಲ್ಲ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಐದು ವರ್ಷ ಆಷಾಢದಲ್ಲಿ ಬೀದಿ ಬಿಕೋ ಎಂದಿತು. 2022ರಲ್ಲಿ ಹೊಸ ತೇರು ಬಂದಾಗ, ಇದು ಹಳೆಯದಲ್ಲ ಅಂತ ಯಾರೂ ಮನೆಯಲ್ಲಿ ಉಳಿಯಲಿಲ್ಲ. ಹೊಸದಾಗಿ ಮದುವೆಯಾದವರು ಹಣ್ಣು ಜವನ ಹಿಡಿದು ಬಂದರು, ತೇರಿಗೆ ಎಸೆದರು. ನಿಮ್ಮ ಅವ್ವನೂ ಆ ಜನರ ನಡುವೆ ಇದ್ದಿರಬಹುದು. ಕೇಳಿ ನೋಡಿ.

ಇನ್ನು ಮಿಷನ್. ವೈ ಅಕ್ಷರದ ಸಂಖ್ಯೆ ಎಂದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್ ಕಾರ್ಖಾನೆಯದು, 1920ರ ದಶಕದ ಆರಂಭದಿಂದ 1930ರ ದಶಕದ ಮಧ್ಯದೊಳಗೆ ತಯಾರಾದದ್ದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು; ಅಲ್ಲಿ ಮಾಡಿದ ಮಿಷನ್ ನಿಮ್ಮ ಜಗುಲಿಯಲ್ಲಿ ಹೋದ ತಿಂಗಳವರೆಗೂ ಹೊಲಿಯುತ್ತಿತ್ತು. ಇಷ್ಟು ದುಬಾರಿ ಯಂತ್ರ ಹಳ್ಳಿಗಳಿಗೆ ಹೇಗೆ ಬಂತು ಎಂದರೆ ಕಂತಿನ ದಾರಿಯಲ್ಲಿ. ಸಿಂಗರ್ ಕಂಪನಿ 1850ರ ದಶಕದಲ್ಲೇ ಅಮೆರಿಕದಲ್ಲಿ ಕಂತಿನ ಮೇಲೆ ಮಿಷನ್ ಕೊಡಲು ಶುರುಮಾಡಿತ್ತು, ಅದೇ ಪದ್ಧತಿ ನಮ್ಮ ದೇಶಕ್ಕೂ ಬಂತು. ದರ್ಜಿಯೊಬ್ಬ ವರ್ಷಗಟ್ಟಲೆ ಕಂತು ಕಟ್ಟಿ ತೀರಿಸಿದ ಮಿಷನ್ ಕೈಯಿಂದ ಕೈಗೆ ದಾಟಿ ನಿಮ್ಮ ತಾತನ ಮನೆಗೆ ಬಂದಿರಬಹುದು.

ಉದ್ದ ಶಟಲಿನ ಮಿಷನ್ನುಗಳಲ್ಲಿ ಎರಡು ಅಳತೆ ಇವೆ. 27 ಮತ್ತು 127 ದೊಡ್ಡವು, ಹಾಸು ಸುಮಾರು ಹದಿನಾಲ್ಕೂವರೆ ಇಂಚು. 28 ಮತ್ತು 128 ಮುಕ್ಕಾಲು ಅಳತೆಯವು, ಹಾಸು ಹನ್ನೆರಡು ಇಂಚು ಚಿಲ್ಲರೆ. ಅಳೆದು ನೋಡಿ, ಆಮೇಲೆ ನೀವು ತರಿಸಿದ ಶೀಟ್ ಯಾವ ಅಳತೆಯದೆಂದು ನೋಡಿ. ದೊಡ್ಡದರ ಚಿತ್ರ ಚಿಕ್ಕದರ ಮೇಲೆ ಕೂರುವುದಿಲ್ಲ. ಕೂರಿಸಲು ಹೋದರೆ ಅಂಚಿನ ಗೆರೆ ಸ್ಕ್ರೂ ತೂತಿನ ಮೇಲೆ ಬರುತ್ತದೆ.

ಶೀಟ್ ಯಾವ ಜಾತಿಯದೆಂಬುದೂ ಮುಖ್ಯ. ಸ್ಟಿಕ್ಕರ್ ಅಂಗಡಿಯಲ್ಲಿ ಕತ್ತರಿಸಿಕೊಡುವ ವಿನೈಲ್ ದಪ್ಪ. ಬೈಕಿಗೆ ಸರಿ, ಹೊಲಿಗೆ ಮಿಷನ್ನಿನ ಹಾಸಿನ ಮೇಲೆ ಆಗದು. ಬಟ್ಟೆ ಅದರ ಅಂಚಿಗೆ ತಡೆದು ತಡೆದು ಕೊನೆಗೆ ಅದನ್ನು ಎಬ್ಬಿಸುತ್ತದೆ. ನಮಗೆ ಬೇಕಾದದ್ದು ನೀರಿನಲ್ಲಿ ಜಾರಿಸುವ ಡಿಕಾಲ್, ಈರುಳ್ಳಿ ಸಿಪ್ಪೆಯಷ್ಟು ತೆಳು. ಮನೆಯ ಪ್ರಿಂಟರಿನಲ್ಲಿ ಇದನ್ನು ಮಾಡಿಕೊಳ್ಳಲು ಹೋಗಬೇಡಿ. ಸಾಮಾನ್ಯ ಪ್ರಿಂಟರಿನಲ್ಲಿ ಬಂಗಾರದ ಶಾಯಿ ಇರುವುದಿಲ್ಲ, ಹಳದಿಗೆ ಬೇರೆ ಶಾಯಿ ಬೆರೆಸಿ ಸಾಸಿವೆ ಬಣ್ಣ ಕೊಡುತ್ತದೆ. ಕಪ್ಪಿನ ಮೇಲೆ ಅದೂ ಕಾಣುವುದಿಲ್ಲ.

ಚಿತ್ರಕ್ಕೆ ಕೈ ಹಾಕುವ ಮೊದಲು ಮಿಷನ್ ಓಡಲಿ. ಈ ಕ್ರಮವನ್ನು ತಿರುಗಿಸಬೇಡಿ. ಎಣ್ಣೆ ಸೋರುವ ಮಿಷನ್ನಿಗೆ ಅಂಟಿಸಿದ ಚಿತ್ರ ನಿಲ್ಲುವುದಿಲ್ಲ. ನಮ್ಮ ಮನೆಗಳಲ್ಲಿ ಮಿಷನ್ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಬಿಡುವ ರೂಢಿ ಇದೆ. ಅದು ದಿನ ಕಳೆದಂತೆ ನೂಲಿನ ಧೂಳಿನ ಜೊತೆ ಸೇರಿ ಬೆಲ್ಲದ ಪಾಕದ ಹಾಗೆ ಅಂಟಾಗುತ್ತದೆ. ತಲೆಯನ್ನು ಮೇಜಿನಿಂದ ಬಿಚ್ಚಿ, ಮಗುಚಿ, ತಿರುಗುವ ಕೀಲುಗಳಿಗೆ ಹನಿಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಹೊರಮೈಗೆ ಹರಿಯದ ಹಾಗೆ ಕೆಳಗೆ ಬಟ್ಟೆ ಇರಲಿ. ಬೆಳಿಗ್ಗೆ ಒರೆಸಿ, ತೆಳು ಬಿಳಿ ಮಿಷನ್ ಎಣ್ಣೆ ಬಿಟ್ಟು, ಗಾಲಿಯನ್ನು ಕೈಯಲ್ಲೇ ತಿರುಗಿಸುತ್ತಾ ಹೋಗಿ. ಕಪ್ಪು ರಸ ಬರುತ್ತದೆ. ಬರುವುದು ನಿಲ್ಲುವತನಕ ಒರೆಸಿ. ಸೂಜಿಗೆ ಹೆದರಬೇಡಿ, ಮನೆಯ ಉಷಾ ಮಿಷನ್ನಿಗೆ ಹಾಕುವ ಚಪ್ಪಟೆ ಬುಡದ ಮಾಮೂಲಿ ಸೂಜಿಯೇ ಇದಕ್ಕೂ ಆಗುತ್ತದೆ. ಉದ್ದ ಬಾಬಿನ್ ಮಾತ್ರ ಎಲ್ಲ ಅಂಗಡಿಯಲ್ಲೂ ಸಿಗದು, ಇರುವುದನ್ನು ಕಳೆಯಬೇಡಿ. ತೋಳಿನ ಬುಡದಲ್ಲಿ ಹಿತ್ತಾಳೆಯ ಪುಟ್ಟ ಬಿಲ್ಲೆ ಇದ್ದರೆ ದೇವರ ಸಾಮಾನಿನ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿನೀರು ಅದರ ಹಿಂದಕ್ಕೆ ಇಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಈ ರಿಪೇರಿಯಲ್ಲೂ ಅವ್ವ ಜೊತೆಗಿರಲಿ. ಯಾವ ಕೀಲು ಚಳಿಗಾಲದಲ್ಲಿ ಬಿಗಿಯುತ್ತದೆ, ಯಾವ ಸ್ಕ್ರೂ ಅರ್ಧ ಸುತ್ತು ಸಡಿಲ ಇದ್ದರೆ ಹೊಲಿಗೆ ಸರಿ ಬೀಳುತ್ತದೆ ಎಂಬುದು ಅವರ ಪಾದಕ್ಕೂ ಬೆರಳಿಗೂ ಗೊತ್ತು. ಯಾವ ಪುಸ್ತಕದಲ್ಲೂ ಅದು ಸಿಗುವುದಿಲ್ಲ.

ಹೊರಮೈಯನ್ನು ಇನ್ನು ಮುಂದೆ ಒರೆಸುವುದೆಲ್ಲ ಮಿಷನ್ ಎಣ್ಣೆಯಲ್ಲೇ, ಮೆತ್ತನೆ ಹಳೇ ಪಂಚೆಯ ತುಂಡಿನಲ್ಲೇ. ಬೂದಿಯಾದ ಜಾಗಕ್ಕೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಒರೆಸಿ, ಉಜ್ಜುಪುಡಿ ಇಲ್ಲದ ಕಾರಿನ ವ್ಯಾಕ್ಸ್ ಸವರಿದರೆ ಕಪ್ಪು ಬಹುಪಾಲು ಮರಳುತ್ತದೆ. ಆದರೆ ಡಿಕಾಲ್ ಕೂರಿಸುವ ಜಾಗಕ್ಕೆ ವ್ಯಾಕ್ಸ್ ಸೋಕಿಸಬೇಡಿ, ಅಲ್ಲಿ ಎಣ್ಣೆಯ ಜಿಡ್ಡೂ ಉಳಿಯಬಾರದು. ಪಾತ್ರೆ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಆ ಭಾಗವನ್ನು ಮಾತ್ರ ಒರೆಸಿ ಒಣಗಿಸಿ. ಇಡೀ ಮಿಷನ್ನಿಗೆ ಹೊಸ ಕಪ್ಪು ಬಣ್ಣ ಹೊಡೆಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಒಪ್ಪಬೇಡಿ. ಒಲೆಯಲ್ಲಿ ಬೆಂದ ಆ ಕಪ್ಪಿನ ಆಳ ಸ್ಪ್ರೇ ಡಬ್ಬಿಯಲ್ಲಿ ಬರುವುದಿಲ್ಲ.

ಹಾಸಿನ ಎಡಗಡೆಯ ಬಗ್ಗೆ ನನಗೊಂದು ಬಲವಾದ ಅಭಿಪ್ರಾಯವಿದೆ. ಅಲ್ಲಿ ಹೊಸ ಚಿತ್ರ ಬೇಡ. ಸೂಜಿಯ ಮುಂದಿನ ಅಂಚಿನಲ್ಲಿ, ಅವ್ವನ ಎಡಗೈ ಬಟ್ಟೆ ಒತ್ತಿ ಹಿಡಿಯುತ್ತಿದ್ದ ಕಡೆ, ಕಪ್ಪು ಹೋಗಿ ಕಬ್ಬಿಣ ನಯವಾಗಿ ಮಿನುಗುತ್ತಿದ್ದರೆ ಅದನ್ನು ಹಾಗೇ ಬಿಡಿ. ಅಲ್ಲಿ ಅಂಟಿಸಿದರೂ ಹೊಲಿಯುವ ಮಿಷನ್ನಿನ ಮೇಲೆ ಅದು ಬಹಳ ದಿನ ಬಾಳದು. ಅದಕ್ಕಿಂತ ಹೆಚ್ಚಾಗಿ, ನಿಮ್ಮಿಬ್ಬರ ಸ್ಕೂಲ್ ಫೀಸು ಹುಟ್ಟಿದ ಜಾಗ ಅದು. ಕಂಬದ ಬುಡದ ಚಿತ್ರ, ಬೇಕಿದ್ದರೆ ತೋಳಿನ ಮೇಲಿನ ಹೆಸರು, ಇಷ್ಟೇ ಸಾಕು. ಇದು ನನ್ನ ಇಷ್ಟ. ಅವ್ವ ಪೂರ್ತಿ ಬಂಗಾರ ಬೇಕು ಅಂದರೆ ನನ್ನ ಮಾತು ಬಿಟ್ಟು ಅವರ ಮಾತು ಕೇಳಿ. ತುಂಬ ದಿನ ಸವೆದದ್ದರ ಜೊತೆ ಬದುಕಿದವರಿಗೆ ಹೊಸ ಹೊಳಪಿನ ಆಸೆ ಇದ್ದರೆ ಅದನ್ನು ಪಟ್ಟಣದಲ್ಲಿ ಕೂತ ನಾವು ತಿದ್ದಬಾರದು.

ಅಂಟಿಸುವ ದಿನ ಮಳೆ ಇರಬಾರದು. ತೇವದ ಗಾಳಿಯಲ್ಲಿ, ಚಿತ್ರದ ಮೇಲೆ ಕೊನೆಗೆ ಕೊಡುವ ತಿಳಿ ಮೆರುಗು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಜೂನ್ ತಿಂಗಳನ್ನೂ ಬಿಡಿ, ಯೂನಿಫಾರಂ ಕಾಲದಲ್ಲಿ ಮಿಷನ್ ಬಿಚ್ಚಿಟ್ಟರೆ ಅವ್ವನಿಗೆ ಗಿರಾಕಿಗಳ ಮುಂದೆ ಕಷ್ಟ. ಕೂರಿಸುವ ಜಾಗ ನಯವಾಗಿ ಹೊಳೆಯುತ್ತಿರಬೇಕು. ಮಂಕಾಗಿ ತರಿತರಿ ಇದ್ದರೆ ಡಿಕಾಲಿನಡಿ ಗಾಳಿ ಸಿಕ್ಕಿ ಬಿಳಿ ಬಿಳಿ ಕಾಣುತ್ತದೆ. ನಿಮ್ಮ ಥಿನ್ನರ್ ಆ ಜಾಗವನ್ನು ಮಂಕು ಮಾಡಿರುವುದರಿಂದ ಮೊದಲು ತಿಳಿ ಲ್ಯಾಕರ್ ಸ್ಪ್ರೇ ಒಂದೆರಡು ತೆಳು ಪದರ ಕೊಟ್ಟು, ಪೂರ್ತಿ ಒಣಗಿಸಿ, ಅದರ ಮೇಲೆ ಕೂರಿಸಿ. ಸ್ಪ್ರೇ ಮಾಡುವಾಗ ಬಾಗಿಲು ಕಿಟಕಿ ತೆರೆದಿರಲಿ, ಮೂಗಿಗೆ ಮಾಸ್ಕ್ ಇರಲಿ, ಉಳಿದ ಭಾಗಗಳಿಗೆ ಕಾಗದ ಕಟ್ಟಿರಲಿ.

ಚಿತ್ರವನ್ನು ಅಂಚಿಗೆ ಹತ್ತಿರವಾಗಿ ಕತ್ತರಿಸಿ ಉಗುರುಬೆಚ್ಚನೆ ನೀರಿಗೆ ಬಿಡಿ. ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಕಾಗದ ಸುರುಳಿಯಾಗಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಹೆಬ್ಬೆರಳಿನಲ್ಲಿ ಮುಟ್ಟಿದರೆ ಚಿತ್ರ ಕಾಗದದ ಮೇಲೆ ಜಾರಬೇಕು, ಜಾರದಿದ್ದರೆ ಇನ್ನೊಂದು ಸ್ವಲ್ಪ ಹೊತ್ತು. ಎಳೆಯಬೇಡಿ. ನೀವು ಚಿಕ್ಕವರಿದ್ದಾಗ ಬಬಲ್‌ಗಮ್ ಜೊತೆ ಬರುತ್ತಿದ್ದ ಟ್ಯಾಟೂವನ್ನು ಮಗುಚಿ ಒತ್ತುತ್ತಿದ್ದಿರಲ್ಲ, ಇದು ಹಾಗಲ್ಲ; ಚಿತ್ರದ ಮುಖ ಮೇಲೇ ಇರುವಂತೆ ಕಾಗದದಿಂದ ಪಕ್ಕಕ್ಕೆ ಜಾರಿಸಿ ಇಳಿಸಬೇಕು. ಇಳಿಸುವ ಮೊದಲು ಮಿಷನ್ನಿನ ಮೇಲೂ ನೀರು ಸವರಿ. ಆಗ ಅದು ತೇಲುತ್ತಾ ಅತ್ತಿತ್ತ ಸರಿಯುತ್ತದೆ. ನೀರು ಆರುವ ಮೊದಲಿನ ಆ ಎರಡು ಮೂರು ನಿಮಿಷವೇ ಇಡೀ ಕೆಲಸದ ಜೀವ.

ಆ ಎರಡು ಮೂರು ನಿಮಿಷ ನಿಮ್ಮ ಕೈ ಹಿಂದಿರಲಿ. ಅವ್ವನ ಬೆರಳಿಗೆ ಬಿಡಿ. ಮುಖ ಎತ್ತ ನೋಡುತ್ತಿತ್ತು, ರೆಕ್ಕೆ ಎಷ್ಟು ಓರೆ ಇತ್ತು ಎಂದು ಆ ಬೆರಳು ಸರಿಪಡಿಸಲಿ. ಅರ್ಧ ಇಂಚು ಸೊಟ್ಟಗಾದರೂ ನೀವು ತಿದ್ದಬೇಡಿ. ಶೀಟಿನಲ್ಲಿ ಬರುವುದು ಕ್ಲೈಡ್‌ಬ್ಯಾಂಕಿನ ಸ್ಫಿಂಕ್ಸೇ. ಅದನ್ನು ಅಲ್ಲಿಂದ ಮುಂದಕ್ಕೆ ಕರೆದುಕೊಂಡು ಹೋಗಲು ನಿಮ್ಮಿಂದ ಆಗದು, ಅವರಿಂದ ಆಗುತ್ತದೆ. ಹಿಂದೆ ಒಮ್ಮೆ ಮಾಡಿದ್ದಾರೆ.

ಆಮೇಲೆ ಮೆತ್ತನೆ ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ನೀರು ಗಾಳಿ ಹೊರಡಿಸಿ. ಇಪ್ಪತ್ನಾಲ್ಕು ಗಂಟೆ ಮುಟ್ಟಬೇಡಿ. ಆಮೇಲೆ ಅದೇ ಲ್ಯಾಕರಿನ ಮೇಲಿನ ಮೆರುಗನ್ನು ಮೊದಲು ಮಂಜು ಹನಿಸಿದಂತೆ ದೂರದಿಂದ ಕೊಡಿ, ಆರಲಿ, ಮತ್ತೆ ಕೊಡಿ. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಡಿಕಾಲ್ ಸುಕ್ಕುಗಟ್ಟುತ್ತದೆ. ಒಂದು ವಾರ ಹಾಗೇ ಇಟ್ಟು ಆಮೇಲೆ ತಲೆಯನ್ನು ಮೇಜಿಗೆ ಕೂರಿಸಿ, ಬೆಲ್ಟ್ ಹಾಕಿ.

ಅಣ್ಣನ ಲಕ್ಷದ ಮಾತಿಗೆ ಉತ್ತರ ಚಿಕ್ಕದು. ಸಿಂಗರ್ ಇಂಥ ಮಿಷನ್ನುಗಳನ್ನು ಲಕ್ಷಗಟ್ಟಲೆ ಮಾಡಿತ್ತು, ಇವು ಅಪರೂಪದವಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೇ ಸಿಂಗರ್ ಒಳಗೆ “ಕೆಂಪು ಪಾದರಸ” ಇದೆಯೆಂಬ ಸುಳ್ಳು ಸುದ್ದಿ ಹಬ್ಬಿ ಬೆಲೆ ಆಕಾಶಕ್ಕೇರಿತ್ತು. ಸೂಜಿ, ಶಟಲ್, ಎಣ್ಣೆ ಬಿಟ್ಟರೆ ಅದರೊಳಗೆ ಏನೂ ಇಲ್ಲ. ಯಾರಾದರೂ ಲಕ್ಷ ಕೊಡುತ್ತೇನೆಂದು ಮುಂಗಡ, ಕಮಿಷನ್ ಎಂದು ಹಣ ಕೇಳಿದರೆ ಬಾಗಿಲು ಹಾಕಿಕೊಳ್ಳಲು ಅಣ್ಣನಿಗೆ ಹೇಳಿ. ಮೋಟಾರ್ ಮಿಷನ್ನಿನ ವಿಚಾರ ಬೇರೆ. ಅವ್ವನ ಮೊಣಕಾಲು ನೋಯುತ್ತಿದ್ದರೆ ಅದು ಒಳ್ಳೆಯ ಯೋಚನೆಯೇ. ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ ಕೆಲಸವೂ ಸೇರಿದೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಇದೆ, ವಿಚಾರಿಸಿ ನೋಡಿ. ಆದರೆ ಹೊಸದು ಬರಲು ಹಳೆಯದು ಹೋಗಬೇಕಿಲ್ಲ, ಜಗುಲಿ ಅಷ್ಟು ಚಿಕ್ಕದಿರಲಾರದು. ಇದನ್ನೂ ಅವ್ವನಿಗೆ ಗೊತ್ತಿಲ್ಲದ ಹಾಗೆ ಮಾಡಬೇಡಿ.

ಕೊನೆಗೆ ಆಯುಧಪೂಜೆ. ಕುಂಕುಮದ ಕ್ಷಾರದ ಬಗ್ಗೆ ಮೇಲೆ ನಾನೇ ಬರೆದಿದ್ದೇನೆ, ಅದನ್ನು ಓದಿ ನೀವು ಅವ್ವನಿಗೆ ಅಲ್ಲಿ ಇಡಬೇಡ ಎನ್ನುತ್ತೀರೇನೋ ಎಂದು ಈಗ ಭಯವಾಗುತ್ತಿದೆ. ಮೆರುಗು ಗಟ್ಟಿಯಾಗುವವರೆಗೆ, ಒಂದು ತಿಂಗಳು, ಒದ್ದೆ ಕುಂಕುಮ ಬೇಡವೆಂದಷ್ಟೇ ಹೇಳಿ. ಆಮೇಲೆ ಅವರು ಎಲ್ಲಿ ಇಡುತ್ತಾರೋ ಇಡಲಿ, ಎಷ್ಟು ಸಲ ಬೆರಳಿಟ್ಟು ಕಣ್ಣಿಗೊತ್ತಿಕೊಳ್ಳುತ್ತಾರೋ ಒತ್ತಿಕೊಳ್ಳಲಿ. ಶೀಟಿನಲ್ಲಿ ಮಿಕ್ಕ ಚಿತ್ರಗಳನ್ನು ಎಸೆಯದೆ, ಬಿಸಿಲು ತೇವ ತಾಕದ ಹಾಗೆ ಆ ದಪ್ಪ ಪುಸ್ತಕದಲ್ಲೇ ಎತ್ತಿಡಿ.